ಮೂವತ್ತೊಂದನೆಯವನು

ಪಕ್ಕದ ಕೋಣೆಯಲ್ಲಿ ಕನ್ನಡಕದ ಡಬ್ಬಿ ಟಪ್ಪೆಂದು ಮುಚ್ಚಿಕೊಂಡಿತು. ರಾತ್ರಿ ಒಂದೂಕಾಲು ಗಂಟೆ. ಆ ಸದ್ದಿಗಾಗಿ ಅವಳು ಹನ್ನೊಂದರಿಂದ ಕಾದಿದ್ದಳು. ದೊಡ್ಡವರು ಓದಿ ಮುಗಿಸಿದರೆಂದರೆ ಕನ್ನಡಕ ಡಬ್ಬಿಗೆ ಹೋಗುತ್ತದೆ. ಡಬ್ಬಿ ಮುಚ್ಚಿದ ಮೇಲೆ ಇನ್ನೊಂದು ಕಾಗದ ಹಿಡಿದು ಯಾರೂ ಒಳಗೆ ಹೋಗುವಂತಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಹನ್ನೊಂದು ವರ್ಷ ಗೋಡೆಯ ಈಚೆ ಕೂತು ಅವಳೇ ಕಲಿತದ್ದು.

ದೊಡ್ಡವರು ಎಂದರೆ ದೇಶದ ಅಧ್ಯಕ್ಷರು. ಕಚೇರಿಯೊಳಗೆ ಅವರಿಗೆ ಅದೇ ಹೆಸರು. ಅವಳು ಅವರ ಪತ್ರಗಳನ್ನು ಸಿದ್ಧಪಡಿಸುವವಳು: ಬೇರೆ ದೇಶಗಳ ನಾಯಕರಿಗೆ ಹುಟ್ಟುಹಬ್ಬದ ಶುಭಾಶಯ, ಭೂಕಂಪವಾದರೆ ಸಂತಾಪ, ಚುನಾವಣೆ ಗೆದ್ದವರಿಗೆ ಅಭಿನಂದನೆ, ಸೋತವರಿಗೆ ಇನ್ನೂ ಎಚ್ಚರಿಕೆಯಿಂದ ಬರೆದ ಎರಡು ಸಾಲು. ಕಚೇರಿಯವರು ಅವಳಿಗೂ ಒಂದು ಅಡ್ಡಹೆಸರು ಇಟ್ಟಿದ್ದರು, ಎರಡ್ಸಲ ಮೇಡಂ. ಲಕೋಟೆಗೆ ಅಂಟು ಹಚ್ಚುವ ಮುಂಚೆ ಎರಡು ಸಲ ತೆರೆದು ನೋಡುವವಳು, ಮನೆಗೆ ಹೊರಟು ಅರ್ಧ ಮೆಟ್ಟಿಲಿನಿಂದ ವಾಪಸು ಬಂದು ಬೀಗ ಜಗ್ಗುವವಳು. ಆ ಹೆಸರಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ತನ್ನ ಹೆದರಿಕೆಯಿಂದ ಯಾರಿಗೋ ಉಪಯೋಗವಾಗುತ್ತಿದೆ ಎನ್ನುವುದೇ ಅವಳಿಗೆ ಒಂದು ಸಮಾಧಾನ.

ಆ ರಾತ್ರಿಯ ಕಾಗದ ಹದಿನಾಲ್ಕು ತಿಂಗಳ ಹಿಂದಿನ ಒಂದು ಮಂಜಿನ ಬೆಳಗಿಗೆ ಸೇರಿದ್ದು. ಹೂಳೆತ್ತುವ ಹಡಗೊಂದು ದಿಕ್ಕು ತಪ್ಪಿ ನೆರೆದೇಶದ ಕಡಲಿಗೆ ಹೋಗಿತ್ತು. ಅಲ್ಲಿನ ಕಾವಲು ದೋಣಿಗಳು ಹಡಗನ್ನೂ ಅದರಲ್ಲಿದ್ದ ಮೂವತ್ತೊಂದು ಜನರನ್ನೂ ಹಿಡಿದಿಟ್ಟುಕೊಂಡಿದ್ದವು. ಅಷ್ಟರಲ್ಲಿ ಅಲ್ಲಿ ಸರ್ಕಾರ ಬದಲಾಯಿತು. ಹೊಸದಾಗಿ ಬಂದವರು ದೊಡ್ಡವರ ಹಳೆಯ ಗೆಳೆಯರು. ಇಬ್ಬರೂ ಇಪ್ಪತ್ತರ ಹರೆಯದಲ್ಲಿ ಯಾವುದೋ ಸಮ್ಮೇಳನದಲ್ಲಿ ಒಂದೇ ಕೋಣೆಯಲ್ಲಿ ಉಳಿದು, ಒಂದೇ ಕಂಬಳಿಗಾಗಿ ಜಗಳವಾಡಿದವರಂತೆ. ಮರುದಿನ ದೊಡ್ಡವರು ಅಲ್ಲಿಗೆ ಹೋಗುವುದಿತ್ತು. ಬಂದರಿನ ಒಪ್ಪಂದಕ್ಕೆ ಸಹಿ, ಅದರ ಜೊತೆಗೆ ಹಡಗಿನವರ ಬಿಡುಗಡೆ. ಬಿಡುಗಡೆಯಾಗಬೇಕಾದವರ ಪಟ್ಟಿಯನ್ನು ಅಧ್ಯಕ್ಷರೇ ತಮ್ಮ ಸಹಿ ಹಾಕಿ ಗೆಳೆಯನಿಗೆ ಕೊಡಬೇಕು. ಆ ಸಹಿಯ ಮೇಲಿರುವ ಹೆಸರುಗಳಷ್ಟೇ ಜೈಲಿನಿಂದ ಹೊರಗೆ ಬರುತ್ತವೆ.

ಅವಳು ಒಳಗೆ ಹೋದಳು. ದೊಡ್ಡವರು ಕಣ್ಣುಜ್ಜಿಕೊಳ್ಳುತ್ತಿದ್ದರು. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಸಣ್ಣ ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಪ್ರತಿಯೊಂದು ಕಾಗದವೂ ಎರಡೆರಡು ಆಗುತ್ತಿತ್ತು. ಅವರು ಓದುವುದಕ್ಕೆ ದಪ್ಪ ಅಕ್ಷರದ ಓದುವ ಪ್ರತಿ, ಸಹಿಯಾಗಿ ಹೊರಗೆ ಹೋಗುವುದಕ್ಕೆ ಮಾಮೂಲಿ ಅಕ್ಷರದ ಹೋಗುವ ಪ್ರತಿ. ಹೋಗುವ ಪ್ರತಿಯಲ್ಲಿ ಮೂವತ್ತೊಂದು ಹೆಸರೂ ಒಂದೇ ಹಾಳೆಯಲ್ಲಿ ಹಿಡಿದಿದ್ದವು. ಓದುವ ಪ್ರತಿಯ ಮೊದಲ ಹಾಳೆಯಲ್ಲಿ ಮೂವತ್ತು, ಎರಡನೆಯದರಲ್ಲಿ ಒಂದು. ಪಟ್ಟಿ ಹುದ್ದೆಯ ಕ್ರಮದಲ್ಲಿತ್ತು. ಕಪ್ತಾನ ಮೊದಲು, ಅಡುಗೆಯವನು ಕೊನೆಗೆ.

"ಆಯ್ತು ತಾಯಿ, ಹಾಕಿದ್ದೀನಿ," ಎಂದು ದೊಡ್ಡವರು ಕಾಗದ ಚಾಚಿದರು.

ಅವರು ಸಹಿ ಹಾಕಿದ್ದು ಓದುವ ಪ್ರತಿಯ ಮೇಲೆ.

"ಸರ್, ಇದು ನಿಮಗೆ ಓದೋಕೆ ಕೊಟ್ಟಿದ್ದು. ಹೋಗೋದು ಇನ್ನೊಂದು..."

"ಇದೇ ಹೋಗ್ಲಿ ಬಿಡಿ. ಅವನ ಕಣ್ಣೇನು ನನ್ನದಕ್ಕಿಂತ ಚೆನ್ನಾಗಿದೆಯಾ? ನನಗಿಂತ ಎರಡು ವರ್ಷ ದೊಡ್ಡವನು. ದಪ್ಪ ಅಕ್ಷರ ನೋಡಿ ಖುಷಿ ಪಡ್ತಾನೆ. ಹೋಗಿ, ಮಲಕ್ಕೊಳ್ಳಿ. ನಿಮ್ಮ ಮುಖ ನೋಡಿದ್ರೆ ನನಗೇ ನಿದ್ದೆ ಬರುತ್ತೆ."

ಅವಳೂ ನಕ್ಕಳು. ಹೊರಗೆ ಚೀಲದವರು ನಿಂತಿದ್ದರು. ಸರ್ಕಾರದ ಕಾಗದಗಳನ್ನು ಮೊಹರು ಮಾಡಿದ ಚೀಲದಲ್ಲಿ ದೇಶದಿಂದ ದೇಶಕ್ಕೆ ಒಯ್ಯುವ ಹಳೆಯ ನೌಕರರು ಅವರು. ಒಂದು ಕೈಯಲ್ಲಿ ಅರಗು, ಇನ್ನೊಂದರಲ್ಲಿ ಮೇಣದ ಬತ್ತಿ.

"ಬನ್ನಿ ಎರಡ್ಸಲ ಮೇಡಂ. ಅರಗು ಕರಗಿ ನನ್ನ ಬೆರಳಿಗೇ ಮೊಹರು ಬೀಳೋ ಹಂಗಾಗಿದೆ. ನಾಲ್ಕಕ್ಕೆ ವಿಮಾನ ನಿಲ್ದಾಣದಲ್ಲಿರಬೇಕು ನಾನು."

"ಒಂದೇ ನಿಮಿಷ, ಇನ್ನೊಂದು ಸಲ ನೋಡಿಬಿಡ್ತೀನಿ."

"ಸಹಿ ಇದೆಯಾ? ಇದೆ. ತಾರೀಖು? ಇದೆ. ಮತ್ತೇನು, ಕಾಗದಕ್ಕೆ ದೃಷ್ಟಿ ತೆಗೀತೀರಾ? ಕೊಡಿ ಅಮ್ಮಾ."

ಅವಳು ಕೊಟ್ಟಳು. ಎರಡು ಸಲ ನೋಡದೆ ಅವಳು ಕೊಟ್ಟ ಕಾಗದ ಅದೊಂದೇ.

*

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವಳು ದೊಡ್ಡವರ ಕೋಣೆಗೆ ಪೆನ್ನುಗಳನ್ನು ಎತ್ತಿಡಲು ಹೋದಳು. ಅವರು ಕಾಗದಗಳನ್ನು ಒರಗಿಸಿ ಓದುವ ಮರದ ಹಲಗೆ ಮೇಜಿನ ಮೇಲಿತ್ತು. ಅದರ ಕ್ಲಿಪ್ಪಿನಲ್ಲಿ ಒಂದು ಹಾಳೆ ಸಿಕ್ಕಿಕೊಂಡಿತ್ತು. ಹಾಳೆ ಪೂರ್ತಿ ಬಿಳುಪು, ನೆತ್ತಿಯಲ್ಲಿ ಮಾತ್ರ ಒಂದು ಸಾಲು. ಕ್ರಮ ಸಂಖ್ಯೆ ಮೂವತ್ತೊಂದು, ಒಂದು ಹೆಸರು, ವಯಸ್ಸು ನಲವತ್ತನಾಲ್ಕು, ಅಡುಗೆಯವನು.

ದೊಡ್ಡವರ ಕುರ್ಚಿಯಲ್ಲಿ ಯಾರೂ ಕೂರಬಾರದು. ಅವಳು ಕೂತುಬಿಟ್ಟಳು.

ಸಹಿಯ ಸಮಾರಂಭ ಹನ್ನೆರಡಕ್ಕೆ. ಹತ್ತೂಕಾಲಕ್ಕೆ ಅವಳಿಗೆ ಕಾರ್ಯದರ್ಶಿಗಳು ಫೋನಿನಲ್ಲಿ ಸಿಕ್ಕರು. ಅವರು ದೊಡ್ಡವರ ಜೊತೆಗೇ ಹೋಗಿದ್ದರು. ಅವಳು ಹೇಳುವುದನ್ನೆಲ್ಲ ತಡವರಿಸದೆ ಹೇಳಿದಳು.

"ಬೆಳಿಗ್ಗೆ ಇಲ್ಲಿ ಪಟ್ಟಿ ತೆಗೆದು ಮೂವತ್ತು ಅಂತ ಓದಿದಾಗ ಯಾಕೋ ಸರಿಯಾಗೇ ಕೇಳಿಸ್ತು ನೋಡಿ," ಎಂದರು ಕಾರ್ಯದರ್ಶಿಗಳು. "ಸೊನ್ನೆಯಲ್ಲಿ ಮುಗಿಯೋ ಸಂಖ್ಯೆ. ಯಾರಿಗೂ ಅನುಮಾನ ಬರ್ಲಿಲ್ಲ. ಇರಿ, ಕಾರಲ್ಲಿ ಅವರ ಕಿವಿಗೆ ಹಾಕ್ತೀನಿ."

ಹನ್ನೊಂದೂವರೆಗೆ ಫೋನು ಬಂತು. "ಹೇಳಿದ್ದೀನಿ. ಈಗ ಬೇಡ ಅಂದ್ರು."

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ. ನೀವು ಫೋನಿಡಿ."

ಅವಳು ಟೀವಿಯಲ್ಲಿ ನೋಡಿದಳು. ಇಬ್ಬರು ಗೆಳೆಯರು ತಬ್ಬಿಕೊಂಡರು. ಆ ಕಡೆಯವರು ದಪ್ಪ ಅಕ್ಷರದ ಹಾಳೆಯನ್ನು ಎತ್ತಿ ಹಿಡಿದು, ನನ್ನ ಗೆಳೆಯನಿಗೆ ನನ್ನ ಮುಪ್ಪಿನ ಮೇಲೂ ಕರುಣೆ ಎಂದರು. ಸಭೆ ನಕ್ಕಿತು. ಮೂವತ್ತು ಜನ ಬಸ್ಸಿನಿಂದ ಇಳಿದರು. ಎಲ್ಲರಿಗೂ ಒಂದೇ ಬಣ್ಣದ ಹೊಸ ಅಂಗಿ. ಅವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಎಣಿಸಿದಳು, ಎರಡು ಸಲ.

ಎರಡು ದಿನದ ಮೇಲೆ ದೊಡ್ಡವರು ಅವಳನ್ನು ಕರೆದು ಕೂರಿಸಿದರು. ಅವರು ಯಾರಿಗೂ ಕಾರಣ ಹೇಳಬೇಕಾದವರಲ್ಲ. ಆದರೂ ಹೇಳಿದರು.

"ಅವನ ರಕ್ಷಣಾ ಮಂತ್ರಿಗೆ ಈ ಬಿಡುಗಡೆ ಸುತರಾಂ ಇಷ್ಟ ಇರ್ಲಿಲ್ಲ. ಅವನ ಜೊತೆ ಹೊಡೆದಾಡಿ, ಪಟ್ಟಿಲಿದ್ದ ಮೂವತ್ತಕ್ಕೆ ಒಪ್ಪಿಸಿದ್ದಾನೆ ನನ್ನ ಗೆಳೆಯ. ಸಹಿಗೆ ಗಳಿಗೆ ಮುಂಚೆ ನಾನು ಹೋಗಿ ಇನ್ನೊಬ್ಬ ಇದ್ದಾನೆ ಅಂದಿದ್ರೆ, ಆ ಮಂತ್ರಿ ಪಟ್ಟಿನೇ ವಾಪಸ್ ಕೊಡಿ ಅಂತಿದ್ದ. ಬಂದರೂ ಹೋಗೋದು, ಮೂವತ್ತು ಜನಾನೂ ಹೋಗೋರು. ಮೂರು ತಿಂಗಳಿಗೆ ಇವನು ಇಲ್ಲಿಗೆ ಬರ್ತಿದ್ದಾನೆ. ಬರೋವಾಗ ಆ ಅಡುಗೆಯವನ್ನ ತನ್ನ ವಿಮಾನದಲ್ಲೇ ಕೂರಿಸ್ಕೊಂಡು ಬರ್ತಾನೆ. ಕೇಳಿದ್ದೀನಿ, ಒಪ್ಪಿದ್ದಾನೆ." ಸ್ವಲ್ಪ ತಡೆದು ಅಂದರು: "ನೆಂಟರ ಮನೆಗೆ ಬರಿಗೈಲಿ ಬರಬಾರದಲ್ಲ. ಅವನಿಗೂ ತರೋಕೆ ಏನಾದ್ರೂ ಬೇಕು."

ಲೆಕ್ಕ ಸರಿಯಾಗಿತ್ತು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಸರಿ ಸರ್, ಎಂದು ಎದ್ದಳು.

*

ಅಡುಗೆಯವನ ಹೆಂಡತಿ ಬಟ್ಟೆ ಹೊಲಿಯುವವಳು. ಹದಿನಾಲ್ಕು ತಿಂಗಳಿಂದ ಪ್ರತಿ ಮಂಗಳವಾರ ಅಧ್ಯಕ್ಷರ ಕಚೇರಿಯ ಭೇಟಿಯ ಕಿಟಕಿಗೆ ಬಂದು ನಿಲ್ಲುತ್ತಿದ್ದುದರಿಂದ ಕಾವಲಿನವರಿಗೆಲ್ಲ ಆಕೆ ಟೈಲರಮ್ಮ. ಅವರಲ್ಲಿ ಇಬ್ಬರ ಪ್ಯಾಂಟಿನ ತುದಿ ಮಡಿಚಿ ಹೊಲಿದುಕೊಟ್ಟೂ ಇದ್ದಳು. ಗಂಡನಿಗೆ ಎದೆಯಲ್ಲಿ ಕಫ ಕಟ್ಟುವ ಕಾಯಿಲೆ. ಚಳಿ ಶುರುವಾಯಿತೆಂದರೆ ಅವನಿಗೆ ಬೇಕಾದ ಮಾತ್ರೆಗಳ ಚೀಟಿಯನ್ನು ಮೂರು ಸಲ ಕೊಟ್ಟಿದ್ದಳು. ಎರಡ್ಸಲ ಮೇಡಂ ಮೂರು ಸಲವೂ ಅದನ್ನು ನೆರೆದೇಶಕ್ಕೆ ಕಳಿಸಿದ್ದಳು.

ಮೂವತ್ತು ಜನ ಊರಿಗೆ ಬಂದ ವಾರದ ಮಂಗಳವಾರವೂ ಟೈಲರಮ್ಮ ಬಂದಳು. ಅಳುತ್ತಾಳೆ, ಕೂಗುತ್ತಾಳೆ ಎಂದುಕೊಂಡು ಅವಳು ಕಿಟಕಿಯ ಹತ್ತಿರ ಹೋದರೆ, ಟೈಲರಮ್ಮ ಸೋತ ಮುಖದಲ್ಲೇ ನಗುತ್ತಿದ್ದಳು.

"ನಮ್ಮೋನು ಹಂಗೇ ಮೇಡಂ. ಮದುವೆ ದಿನ ಎಲ್ಲರಿಗೂ ಊಟ ಆಯ್ತಾ ಅಂತ ಅಡುಗೆಮನೆ ನೋಡ್ಕೊಂಡು ಬಂದು, ಆಮೇಲೆ ನನ್ನ ಪಕ್ಕ ನಿಂತೋನು. ನಮ್ಮಪ್ಪ ಅಂದ್ರು, ಏನಮ್ಮ ನಿನ್ನ ಗಂಡ ಮದುಮಗನೋ ಬಡಿಸೋನೋ ಅಂತ. ಎಲ್ಲಾ ಕಡೆ ಕೊನೆಯೋನು. ಆದ್ರೂ ಕೇಳ್ತೀನಿ, ಯಾಕೆ ಬರ್ಲಿಲ್ಲ?"

"ಕಾಗದದ ವಿಷಯ," ಎಂದಳು ಅವಳು. "ಒಂದು ಕಾಗದ ಹಿಂದೆ ಬಿತ್ತು. ಮೂರು ತಿಂಗಳು. ಆ ದೇಶದ ಅಧ್ಯಕ್ಷರೇ ಕರ್ಕೊಂಡು ಬರ್ತಾರೆ."

"ಅಧ್ಯಕ್ಷರೇನಾ? ವಿಮಾನದಲ್ಲಾ?" ಟೈಲರಮ್ಮ ಬಾಯಿಗೆ ಸೆರಗು ಹಿಡಿದಳು. "ನಮ್ಮತ್ತೆಗೆ ಹೇಳಿದ್ರೆ ನಂಬಲ್ಲ. ನನ್ನ ಮಗನಿಗೆ ಬಸ್ಸಲ್ಲೇ ವಾಂತಿ ಬರುತ್ತೆ ಅಂತಾರೆ."

ಆಮೇಲಿನ ಮಂಗಳವಾರಗಳಲ್ಲಿ ಟೈಲರಮ್ಮ ದಿನ ಎಣಿಸಿಕೊಂಡು ಬರುತ್ತಿದ್ದಳು. ಅವಳೂ ಎಣಿಸುತ್ತಿದ್ದಳು. ನೆರೆದೇಶದ ರಾಜಧಾನಿಯ ಉಷ್ಣಾಂಶವನ್ನು ಬೆಳಿಗ್ಗೆ ಎದ್ದ ಕೂಡಲೇ ನೋಡುವುದು ಅಭ್ಯಾಸವಾಯಿತು. ಐದು ಡಿಗ್ರಿ. ಮೂರು. ಒಂದು. ಮಾತ್ರೆಯ ಚೀಟಿಯನ್ನು ಯಾರೂ ಹೇಳದೆಯೇ ನಾಲ್ಕನೆಯ ಸಲ ಕಳಿಸಿದಳು, ಐದನೆಯ ಸಲವೂ ಕಳಿಸಿದಳು. ಬರುವ ಅತಿಥಿಯ ಸ್ವಾಗತಪತ್ರ ಬರೆಯುವಾಗ ಒಂದು ಸಾಲು ಸೇರಿಸಿದಳು: ನಿಮ್ಮ ಜೊತೆ ಬರುವ ನಮ್ಮ ಮನೆಯ ಮಗನಿಗಾಗಿಯೂ ಕಾಯುತ್ತಿದ್ದೇವೆ. ದೊಡ್ಡವರು ಅದನ್ನು ಎರಡು ಸಲ ಓದಿ, ಚೆನ್ನಾಗಿದೆ ಎಂದಿದ್ದರು.

ಭೇಟಿಗೆ ಹನ್ನೊಂದು ದಿನ ಇರುವಾಗ ಸುದ್ದಿ ಬಂತು. ಐದು ದಿನದ ಜ್ವರ. ಶ್ವಾಸಕೋಶ. ಜೈಲಿನ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಅಡುಗೆಯವನು ತೀರಿಕೊಂಡಿದ್ದ.

ದೊಡ್ಡವರು ದೀಪ ಹಾಕದೆ ಕೂತಿದ್ದರು. ಅವಳು ಒಳಗೆ ಹೋಗಿ ನಿಂತಳು. ಆ ಬಿಳಿಯ ಹಾಳೆಯನ್ನು ಅಷ್ಟು ದಿನವೂ ತನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದಳು. ಈಗ ಅದನ್ನು ಅವರ ಮುಂದಿಟ್ಟಳು.

"ನನ್ನ ತಪ್ಪು ಸರ್. ಅವತ್ತು ರಾತ್ರಿ ನಾನು ನೋಡ್ಬೇಕಿತ್ತು."

ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕನ್ನಡಕವಿಲ್ಲದೆ ಓದಿದರು.

"ನಿಮ್ಮದು ಒಂದು ರಾತ್ರಿಯ ತಪ್ಪು," ಎಂದರು. "ಹತ್ತೂಕಾಲಕ್ಕೇ ನೀವು ಹೇಳಿದ್ರಿ. ಅಲ್ಲಿಂದ ಮುಂದಿನದೆಲ್ಲ ನಂದು." ಹಾಳೆಯನ್ನು ನಾಲ್ಕಾಗಿ ಮಡಿಚಿ ಒಳಜೇಬಿಗೆ ಹಾಕಿಕೊಂಡರು. "ಗೆಳೆಯ ಫೋನ್ ಮಾಡಿ ಅತ್ತ. ನಾನು ಅಳಲಿಲ್ಲ. ಸಮಾಧಾನ ಮಾಡಿದೆ ಅವನಿಗೆ. ಏನು ಅನ್ನಿಸ್ತು ಗೊತ್ತಾ ನಿಮಗೆ? ಇವನ ಅಳುವಿಗೆ ಬದಲಾಗಿ ಬಂದರಿನ ಸುಂಕ ಇನ್ನೂ ಸ್ವಲ್ಪ ಇಳಿಸಬಹುದು ಅನ್ನಿಸ್ತು. ಅಷ್ಟೊತ್ತಲ್ಲೂ."

ಅವಳು ಹೊರಡಲು ತಿರುಗಿದಳು.

"ಅಡುಗೆಯವನ ಹೆಂಡತಿಗೆ ಹೇಳ್ತೀರಾ?"

"ಗೊತ್ತಿಲ್ಲ ಸರ್."

"ನಾನು ಹೇಳಬೇಡಿ ಅನ್ನಲ್ಲ," ಎಂದರು ದೊಡ್ಡವರು.

ಹೇಳಬೇಡಿ ಎನ್ನುವುದನ್ನು ಹೊರಗೆ ಬಂದ ಮೇಲೆ ಕಾರ್ಯದರ್ಶಿಗಳು ಹೇಳಿದರು. "ಆ ಹಾಳೆ ಇತ್ತು ಅನ್ನೋದು ನಿಮ್ಮ ಎಡಗಿವಿಗೆ ಗೊತ್ತಿದ್ರೆ ಬಲಗಿವಿಗೂ ಹೇಳ್ಕೂಡದು. ನಿಮಗೆ ಇನ್ನೂ ಹದಿಮೂರು ವರ್ಷ ನೌಕರಿ ಇದೆ."

ಭೇಟಿ ರದ್ದಾಗಲಿಲ್ಲ. ನೆರೆದೇಶದ ಅಧ್ಯಕ್ಷರು ಬಂದರು, ಒಪ್ಪಿಕೊಂಡ ಹಾಗೆ ಅಡುಗೆಯವನನ್ನು ತಮ್ಮ ವಿಮಾನದಲ್ಲೇ ತಂದರು. ಮುಂದಿನ ಬಾಗಿಲಿನಿಂದ ಅವರು ಇಳಿದರು. ಬ್ಯಾಂಡು, ಸೈನಿಕ ವಂದನೆ, ತಬ್ಬಿಕೊಳ್ಳುವುದು ಎಲ್ಲ ಮುಗಿದ ಮೇಲೆ ಹಿಂದಿನ ಬಾಗಿಲು ತೆರೆದು ಪೆಟ್ಟಿಗೆಯನ್ನು ಇಳಿಸಿದರು. ಇಬ್ಬರು ನಾಯಕರೂ ಅದಕ್ಕೆ ಹೆಗಲು ಕೊಟ್ಟು ಹತ್ತು ಹೆಜ್ಜೆ ನಡೆದರು. ಈ ಮನುಷ್ಯನ ಹೆಸರು ಮೊದಲ ದಿನದಿಂದ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು ಎಂದು ದೊಡ್ಡವರು ಮೈಕಿನಲ್ಲಿ ಹೇಳಿದರು. ಆ ಮಾತನ್ನು ಬರೆದುಕೊಟ್ಟವಳು ಅವಳೇ. ಟೈಲರಮ್ಮ ಮಗಳ ತೋಳು ಹಿಡಿದು ನೆಟ್ಟಗೆ ನಿಂತಿದ್ದಳು. ಮಾತು ಬರೆದುಕೊಟ್ಟವಳಿಗೆ ಆ ಕಡೆ ನೋಡಲಾಗಲಿಲ್ಲ.

*

ಪೆಟ್ಟಿಗೆ ಬಂದ ಒಂಬತ್ತನೆಯ ದಿನ, ಕಚೇರಿಗೆ ರಜೆ ಹಾಕಿ, ಮನೆಯಲ್ಲಿ ದಂತವೈದ್ಯರ ಹತ್ತಿರ ಹೋಗುತ್ತೇನೆಂದು ಹೇಳಿ, ಅವಳು ಟೈಲರಮ್ಮನ ಮನೆಗೆ ಹೋದಳು. ಮೂರನೆಯ ಮಹಡಿ, ಒಂದೂವರೆ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಸುತ್ತ ಶಾಲೆಯ ನೀಲಿ ಸಮವಸ್ತ್ರಗಳ ಗುಡ್ಡೆ. ಒಳಗಿನ ಅರ್ಧ ಕೋಣೆಯಲ್ಲಿ ಅತ್ತೆ ಮಲಗಿದ್ದರು. ಮಗಳು ಹಾಲು ತರಲು ಹೋಗಿದ್ದಳು.

ಟೈಲರಮ್ಮ ಒಂದು ಕಾಲರು ಹಿಡಿದುಕೊಂಡೇ ಕೇಳಿಸಿಕೊಂಡಳು. ಅವಳು ಎಲ್ಲವನ್ನೂ ಹೇಳಿದಳು. ಓದುವ ಪ್ರತಿ, ಹೋಗುವ ಪ್ರತಿ, ಅರಗು, ಹತ್ತೂಕಾಲು ಗಂಟೆಯ ಫೋನು, ಈಗ ಬೇಡ ಎಂದದ್ದು, ಬರಿಗೈಯ ಮಾತು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಮೆತ್ತಗೆ ಮಾಡುವುದೇ ಅವಳ ಕಸುಬು. ಅವತ್ತು ಅದನ್ನು ಮನೆಯಲ್ಲಿ ಬಿಟ್ಟು ಬಂದಿದ್ದಳು.

ಟೈಲರಮ್ಮ ಬಹಳ ಹೊತ್ತು ಕಾಲರನ್ನು ಮಡಿಚಿ ಬಿಚ್ಚಿ ಮಾಡಿದಳು.

"ಆ ಹಾಳೆಲಿ ಅವನ ಹೆಸರು ಒಂದೇ ಇತ್ತಾ?"

"ಒಂದೇ."

"ದಪ್ಪ ಅಕ್ಷರದಲ್ಲಿ?"

"ಹೌದು."

"ನೋಡಿ, ಒಂದು ಇಡೀ ಹಾಳೆ ಅವನೊಬ್ಬನಿಗೇ ಸಿಕ್ಕಿತ್ತು," ಎಂದು ಟೈಲರಮ್ಮ ನಗಲು ಹೋದಳು. ಮುಖ ಮಾತು ಕೇಳಲಿಲ್ಲ. "ಹನ್ನೆರಡಕ್ಕೆ ಮುಂಚೆನೇ ಗೊತ್ತಿತ್ತು ಅವರಿಗೆ. ಗೊತ್ತಿದ್ದೂ ನಕ್ಕೊಂಡು ಕೈ ಕುಲುಕಿದ್ರು. ನಾನು ಟೀವಿ ನೋಡಿ ಚಪ್ಪಾಳೆ ತಟ್ಟಿದೆ ಮೇಡಂ, ನಮ್ಮೋನು ಬಸ್ಸಲ್ಲಿ ಹಿಂದೆ ಕೂತಿರ್ತಾನೆ ಅಂತ."

ಒಳಗಿನಿಂದ ಅತ್ತೆಯ ಧ್ವನಿ ಬಂತು. "ಯಾರೇ ಅದು?"

"ಕಚೇರಿಯವರು ಅತ್ತೆ."

"ಅವರಿಗೂ ಹೇಳೇ. ಎರಡು ದೇಶದ ದೊರೆಗಳು ನನ್ನ ಮಗನಿಗೆ ಹೆಗಲು ಕೊಟ್ರು ಅಂತ. ಈ ಬೀದಿಲಿ ಯಾರಿಗೆ ಸಿಕ್ಕಿದೆ ಹೇಳು?"

"ಹೇಳ್ತೀನಿ."

ಅವಳು ಚೀಲದಿಂದ ಒಂದು ಲಕೋಟೆ ತೆಗೆದಳು. "ಎಲ್ಲಾ ಬರೆದು ಸಹಿ ಹಾಕಿ ತಂದಿದ್ದೀನಿ. ಪತ್ರಿಕೆಗೆ ಕೊಡ್ತೀರೋ, ಕೋರ್ಟಿಗೆ ಹೋಗ್ತೀರೋ, ನಿಮಗೆ ಬಿಟ್ಟಿದ್ದು. ನನ್ನ ನೌಕರಿ ವಿಷಯ ಯೋಚನೆ ಮಾಡ್ಬೇಡಿ."

ಟೈಲರಮ್ಮ ಲಕೋಟೆಯನ್ನು ಮುಟ್ಟಲಿಲ್ಲ. ಒಳಗಿನ ಬಾಗಿಲನ್ನು ನೋಡಿ ಧ್ವನಿ ತಗ್ಗಿಸಿದಳು.

"ಆ ಮುದುಕಿ ಆರು ದಿನ ಒಂದು ತುತ್ತು ಮುಟ್ಟಿರ್ಲಿಲ್ಲ. ಮೊನ್ನೆಯಿಂದ ಅರ್ಧರ್ಧ ಲೋಟ ಗಂಜಿ ಕುಡೀತಾರೆ, ಅದೂ ಆ ಹೆಗಲಿನ ಮಾತು ಆಡ್ಕೊಂಡು. ನನ್ನ ಮಗಳು ರಾತ್ರಿ ಕೇಳ್ತಾಳೆ, ಅಪ್ಪ ಹೆಂಗೆ ಹೋದ ಅಂತ. ಜ್ವರ ಬಂದು ಹೋದ ಅಂತೀನಿ. ಜ್ವರ ಎಲ್ಲರಿಗೂ ಬರುತ್ತೆ, ಅದರ ಮೇಲೆ ಯಾರೂ ಸಿಟ್ಟಾಗಲ್ಲ. ಅಪ್ಪನ್ನ ಮೇಜಿನ ಮೇಲೆ ಮರೆತು ಬಿಟ್ಟು ಹೋದ್ರು, ನೆನಪಾದ ಮೇಲೂ ಬಿಟ್ಟು ಹೋದ್ರು ಅಂದ್ರೆ? ಹದಿನೈದು ವರ್ಷ ಅವಳಿಗೆ. ಅದನ್ನ ಎಷ್ಟು ವರ್ಷ ಹೊರಬೇಕು ಅವಳು?"

"ಆದ್ರೆ ನಿಜ ಅದೇ ಅಲ್ವಾ."

"ನಿಜ ನನ್ನ ಹತ್ರ ಇದೆಯಲ್ಲ ಈಗ. ನೀವು ತಂದು ಕೊಟ್ರಿ, ನಿಮ್ಮ ಎದೆ ಹಗುರ ಆಯ್ತು. ತಪ್ಪು ಅನ್ನಲ್ಲ." ಟೈಲರಮ್ಮ ಕಣ್ಣೊರೆಸಿಕೊಂಡಳು, ಆಮೇಲೆ ಗಟ್ಟಿಯಾಗಿ ಅವಳನ್ನೇ ನೋಡಿದಳು. "ಆದ್ರೆ ಇನ್ನು ಮಂಗಳವಾರ ನಾನು ಬರಲ್ಲ. ನೀವೂ ಇಲ್ಲಿಗೆ ಬರ್ಬೇಡಿ. ಅದನ್ನ ತಗೊಂಡು ಹೋಗಿ."

ಅವಳು ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡಳು. ಕ್ಷಮಿಸಿ ಎನ್ನಬೇಕೆಂದುಕೊಂಡಳು. ಎಷ್ಟೋ ದೇಶಗಳಿಗೆ ಬರೆದ ಪದ ಅದು. ಬಾಯಿಗೆ ಬರಲಿಲ್ಲ.

ಬಾಗಿಲಲ್ಲಿ ಮಗಳು ಎದುರಾದಳು. ಕೈಯಲ್ಲಿ ಹಾಲಿನ ಪಾತ್ರೆ, ಅಪ್ಪನದೇ ಇರಬೇಕಾದ ಅಗಲ ಹಣೆ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳು ಮೆಟ್ಟಿಲಿಳಿಯುತ್ತಿರುವಾಗ ಮೇಲಿನಿಂದ ಮಾತು ಕೇಳಿಸಿತು.

"ಏನಂದ್ರಮ್ಮ ಅವರು? ಅಪ್ಪನ ವಿಷಯ ಏನಾದ್ರೂ ಹೇಳಿದ್ರಾ?"

"ಏನಿಲ್ಲ ಕಣೇ. ಹೆಂಗಿದ್ದೀರ ಅಂತ ನೋಡ್ಕೊಂಡು ಹೋಗೋಕೆ ಬಂದಿದ್ರು."

"ಅಷ್ಟೇನಾ? ಮತ್ತೆ ನೀನ್ಯಾಕೆ ಅಳ್ತಿದ್ದೆ?"

"ಅಷ್ಟೇ. ಹೋಗು, ಹಾಲು ಕಾಯೋಕಿಡು, ಅಜ್ಜಿಗೆ ಕೊಡಬೇಕು."